ಹೇಂಟೆ ಹುಂಜನಂತೆ ಕೂಗುತ್ತಿದ್ದರೆ: ಮೊದಲು ಮೊಟ್ಟೆ ನೋಡಿ, ಆಮೇಲೆ ಗರಿ ನೋಡಿ

ಮನೆಯ ಹೇಂಟೆ ಒಂದು ದಿನ ಬೆಳಗ್ಗೆ ಕತ್ತು ನೀಟಿ ಹುಂಜನ ಹಾಗೆ ಕೂಗುತ್ತದೆ. ಇನ್ನೊಬ್ಬರ ಮನೆಯಲ್ಲಿ ಹೇಂಟೆಯೊಂದು ಬೇರೆ ಹೇಂಟೆಗಳ ಬೆನ್ನೇರಿ ತುಳಿಯಲು ಶುರು ಮಾಡುತ್ತದೆ. ಮತ್ತೊಬ್ಬರಲ್ಲಿ ವರ್ಷಗಟ್ಟಲೆ ಚೆನ್ನಾಗಿ ಮೊಟ್ಟೆ ಇಟ್ಟ ಕೋಳಿಗೆ ಜುಟ್ಟು ದಪ್ಪವಾಗಿ, ಬಾಲದಲ್ಲಿ ಬಾಗಿದ ಗರಿ ಬಂದು, ಕಾಲಿನಲ್ಲಿ ಮುಳ್ಳು ಮೂಡುತ್ತದೆ. ಮೂವರೂ ಹೇಳುವುದು ಒಂದೇ ಮಾತು: ‘ನಮ್ಮ ಹೇಂಟೆ ಹುಂಜ ಆಗ್ತಿದೆ.’

ಮಾತು ಒಂದೇ ಆದರೂ ಕಾರಣ ಬೇರೆ ಬೇರೆ. ಒಂದು ಕೋಳಿ ಪೂರ್ತಿ ಆರೋಗ್ಯವಾಗಿರಬಹುದು. ಇನ್ನೊಂದರ ಹೊಟ್ಟೆಯೊಳಗೆ ಗೆಡ್ಡೆ ಬೆಳೆಯುತ್ತಿರಬಹುದು. ಮತ್ತೊಂದು ಮೊದಲಿಂದಲೂ ಹುಂಜವೇ ಆಗಿದ್ದು, ನಾವು ಗುರುತಿಸದೇ ಇದ್ದಿರಬಹುದು. ಇವುಗಳನ್ನು ಬೇರೆ ಮಾಡಿ ನೋಡಲು ದೊಡ್ಡ ಉಪಕರಣ ಏನೂ ಬೇಡ. ಎರಡು ಪ್ರಶ್ನೆ ಸಾಕು. ಅದು ಈಗಲೂ ಮೊಟ್ಟೆ ಇಡುತ್ತಿದೆಯಾ? ಅದರ ಮೈ ಬದಲಾಗುತ್ತಿದೆಯಾ? ಈ ಎರಡಕ್ಕೆ ಸರಿಯಾದ ಉತ್ತರ ಸಿಕ್ಕರೆ ಮುಕ್ಕಾಲು ಪಾಲು ಕೆಲಸ ಆದ ಹಾಗೆ.

ಇದನ್ನು ಬರೆಯಲು ಒಂದು ಕಾರಣ ಇದೆ. ಹೇಂಟೆ ಕೂಗಿದರೆ ಮನೆಗೆ ಆಗಿಬರಲ್ಲ ಎಂಬ ನಂಬಿಕೆ ನಮ್ಮ ಎಷ್ಟೋ ಊರುಗಳಲ್ಲಿ ಈಗಲೂ ಇದೆ. ಕೂಗಿದ ದಿನವೇ ಕುಯ್ದು ಹಾಕುವವರೂ ಇದ್ದಾರೆ. ಈ ಭಯ ನಮ್ಮಲ್ಲಿ ಮಾತ್ರ ಇರುವುದಲ್ಲ. ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ಊರಿನಲ್ಲಿ 1474ರಲ್ಲಿ ಒಂದು ಹುಂಜ ಮೊಟ್ಟೆ ಇಟ್ಟಿತು ಎಂದು ವಿಚಾರಣೆ ನಡೆಸಿ, ಅದನ್ನು ಮೊಟ್ಟೆಯ ಸಮೇತ ಸುಟ್ಟರು. ಅದು ನಿಜವಾಗಿ ಹುಂಜದ ವೇಷ ಬಂದಿದ್ದ ಹೇಂಟೆ ಇದ್ದಿರಬಹುದು ಅಂತ ಈಗ ಓದುವ ಯಾರಿಗಾದರೂ ಅನ್ನಿಸುತ್ತದೆ. ಕೂಗುವ ಹೇಂಟೆ ಕೆಟ್ಟದ್ದನ್ನು ತರುವುದಿಲ್ಲ. ತನ್ನ ಗುಂಪಿನ ಬಗ್ಗೆಯೋ ತನ್ನ ಮೈಯ ಬಗ್ಗೆಯೋ ಅದು ಏನೋ ತಿಳಿಸುತ್ತಿರುತ್ತದೆ. ಅದನ್ನು ಓದಿಕೊಳ್ಳದೆ ಕತ್ತಿ ಎತ್ತುವುದು ಅನ್ಯಾಯ.

ಮೊದಲನೆಯದು: ಅದು ಹೇಂಟೆಯೇ ಹೌದಾ?

ಐದು ತಿಂಗಳೊಳಗಿನ ಕೋಳಿ ಕೂಗಿದರೆ ಮೊದಲು ಬರಬೇಕಾದ ಅನುಮಾನ ಇದು. ಗಿರಿರಾಜ, ವನರಾಜದಂಥ ತಳಿಗಳ ಮರಿಗಳನ್ನು ಸಾಮಾನ್ಯವಾಗಿ ಗಂಡು ಹೆಣ್ಣು ಬೇರೆ ಮಾಡದೆ ಹಾಗೆಯೇ ಮಾರುತ್ತಾರೆ. ಸಂತೆಯಲ್ಲಿ ‘ಎಲ್ಲಾ ಹೇಂಟೆ’ ಅಂತ ಕೊಟ್ಟ ಮರಿಗಳಲ್ಲೂ ಗಂಡು ಸೇರಿರುತ್ತದೆ. ದೊಡ್ಡ ಹುಂಜ ಇರುವ ಗುಂಪಿನಲ್ಲಿ ಎಳೆ ಹುಂಜ ತಲೆ ತಗ್ಗಿಸಿಕೊಂಡು, ಕೂಗದೆ, ಹೇಂಟೆಗಳ ಮಧ್ಯೆ ಸುಮ್ನೆ ಓಡಾಡಿಕೊಂಡಿರುತ್ತದೆ. ದೊಡ್ಡದನ್ನು ಹಬ್ಬಕ್ಕೋ ಮಾರಾಟಕ್ಕೋ ತೆಗೆದ ಮೇಲೆ ಅದು ಬಾಯಿ ಬಿಡುತ್ತದೆ. ನೋಡಿದವರಿಗೆ ಹೇಂಟೆಯೇ ಕೂಗಿದ ಹಾಗೆ ಅನ್ನಿಸುತ್ತದೆ.

ಜುಟ್ಟು ನೋಡಿ ತೀರ್ಮಾನ ಮಾಡಬೇಡಿ. ಬಿಳಿ ಲೆಗ್‌ಹಾರ್ನ್ ಹೇಂಟೆಯ ಜುಟ್ಟು ಕೆಲವು ನಾಟಿ ಹುಂಜಗಳದಕ್ಕಿಂತ ದೊಡ್ಡದಿರುತ್ತದೆ. ಅಸೀಲ್‌ನಲ್ಲಿ ಹುಂಜಕ್ಕೂ ಜುಟ್ಟು ಚಿಕ್ಕದೇ. ಕಡಕ್‌ನಾಥ್‌ನಲ್ಲಿ ಜುಟ್ಟು ಕಪ್ಪಾಗಿರುವುದರಿಂದ ಕೆಂಪೇರಿದ್ದು ಗೊತ್ತಾಗುವುದೇ ಇಲ್ಲ. ಮೈ ದೊಡ್ಡದು, ಕಾಲು ದಪ್ಪ, ಜಗಳಗಂಟಿ ಎಂಬ ಗುರುತುಗಳೂ ಅಷ್ಟೇ, ನಂಬಿ ಕೂರುವಂಥವಲ್ಲ.

ನಂಬಬೇಕಾದದ್ದು ಗರಿಯ ಆಕಾರವನ್ನು. ಕೋಳಿಯನ್ನು ಕಂಕುಳಲ್ಲಿ ಹಿಡಿದುಕೊಂಡು ಎರಡು ಜಾಗ ನೋಡಿ. ಒಂದು ಕತ್ತು. ಇನ್ನೊಂದು ಬಾಲ ಶುರುವಾಗುವುದಕ್ಕೆ ಸ್ವಲ್ಪ ಮುಂಚೆ, ಬೆನ್ನಿನಿಂದ ಎರಡೂ ಪಕ್ಕಕ್ಕೆ ಇಳಿಯುವ ಗರಿಗಳು. ಹೇಂಟೆಗೆ ಈ ಗರಿಗಳ ತುದಿ ದುಂಡಗಿರುತ್ತದೆ, ಅಂಚು ಒತ್ತೊತ್ತಾಗಿರುತ್ತದೆ. ಹುಂಜಕ್ಕೆ ಉದ್ದವಾಗಿ, ತುದಿ ಚೂಪಾಗಿ, ಅಂಚಿನ ಎಳೆಗಳು ಬಿಡಿಬಿಡಿಯಾಗಿ ಹೊಳೆಯುತ್ತವೆ. ಸುಮಾರು ಮೂರು ತಿಂಗಳ ಹೊತ್ತಿಗೆ ಈ ವ್ಯತ್ಯಾಸ ಕಾಣಲು ಶುರುವಾಗುತ್ತದೆ. ಒಂದೇ ಬಣ್ಣದ ಕೋಳಿಯಲ್ಲೂ ಆಕಾರ ಮೋಸ ಮಾಡುವುದಿಲ್ಲ. ಬೆನ್ನಿನ ಪಕ್ಕದಲ್ಲಿ ಚೂಪು ಗರಿ ಇದೆ, ಈ ಕೋಳಿ ಮೊಟ್ಟೆ ಇಟ್ಟಿದ್ದನ್ನು ಯಾರೂ ಯಾವತ್ತೂ ಕಂಡಿಲ್ಲ ಅಂದರೆ ಅದು ಹುಂಜ. ಇಲ್ಲಿಗೆ ಹುಡುಕಾಟ ಮುಗಿಯಿತು.

ಕೂಗಿನ ವಿಷಯದಲ್ಲೂ ಒಂದು ಮಾತು. ಮೊಟ್ಟೆ ಇಟ್ಟು ಹೊರಗೆ ಬಂದ ಹೇಂಟೆ ದೊಡ್ಡ ಗಲಾಟೆ ಮಾಡುತ್ತದೆ. ಹಾವು, ಮುಂಗುಸಿ, ಗಿಡುಗ ಕಂಡರೂ ಕಿರುಚುತ್ತದೆ. ಹೊಸದಾಗಿ ಕೋಳಿ ಸಾಕುವವರು ಇದನ್ನೇ ಕೂಗು ಅಂದುಕೊಳ್ಳುತ್ತಾರೆ. ನಿಜವಾದ ಕೂಗಿಗೆ ಕೋಳಿ ಒಂದು ಕಡೆ ನಿಲ್ಲುತ್ತದೆ, ಕತ್ತು ನೀಟುತ್ತದೆ, ಬಾಯಿ ತೆರೆದು ಒಂದೇ ಉಸಿರಿಗೆ ಎಳೆಯುತ್ತದೆ. ಹೇಂಟೆಯ ಕೂಗು ಸಾಮಾನ್ಯವಾಗಿ ಗಿಡ್ಡ, ಒಡಕು, ಕೊನೆಯಲ್ಲಿ ಕತ್ತರಿಸಿದ ಹಾಗೆ ನಿಲ್ಲುತ್ತದೆ. ಮೊಬೈಲಿನಲ್ಲಿ ವಿಡಿಯೋ ಮಾಡಿ ಇಟ್ಟುಕೊಳ್ಳಿ, ಮುಂದೆ ಡಾಕ್ಟರಿಗೆ ತೋರಿಸಲೂ ಬೇಕಾಗುತ್ತದೆ.

ಇನ್ನೊಂದು, ಮರಿ ಇರುವ ತಾಯಿಯನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ರೆಕ್ಕೆ ಕೆದರಿ ನಾಯಿಯ ಮೇಲೂ ಎಗರುವುದು, ಕಾಳು ಕೊಕ್ಕಿನಲ್ಲಿ ಎತ್ತಿ ಎತ್ತಿ ಹಾಕಿ ಕರೆಯುವುದು ತಾಯಿಕೋಳಿಯ ಮಾಮೂಲು ಗುಣ. ಮರಿ ದೊಡ್ಡದಾದ ಮೇಲೆ ತಾನಾಗಿ ನಿಲ್ಲುತ್ತದೆ.

ಎರಡನೆಯದು: ಮೊಟ್ಟೆ ಇಡುತ್ತಿದೆಯಾ?

ಇದು ಇಡೀ ಪರೀಕ್ಷೆಯ ತಿರುಳು, ಆದ್ದರಿಂದ ಅವಸರ ಬೇಡ. ‘ಇಡ್ತಾ ಇರಬೇಕು’ ಎಂಬುದು ಉತ್ತರ ಅಲ್ಲ. ನಾಲ್ಕಾರು ಹೇಂಟೆ ಒಂದೇ ಗೂಡಿನಲ್ಲಿ ಇಡುವಾಗ ಯಾವುದು ಯಾರದ್ದು ಅಂತ ಹೇಳಲಾಗುವುದಿಲ್ಲ. ಅನುಮಾನದ ಕೋಳಿಯನ್ನು ಕೆಲವು ದಿನ ಬೇರೆ ಗೂಡಿನಲ್ಲಿ ಬಿಡಿ. ನೀರು, ಮೇವು, ಒಣಹುಲ್ಲು ಹಾಸಿದ ಮೂಲೆ ಇರಲಿ. ಉಳಿದ ಕೋಳಿಗಳು ಕಣ್ಣಿಗೆ ಕಾಣುವ ಹಾಗಿರಲಿ, ಇಲ್ಲದಿದ್ದರೆ ಗಾಬರಿಯಲ್ಲೇ ಮೊಟ್ಟೆ ನಿಲ್ಲಿಸಿಬಿಡುತ್ತದೆ. ತೋಟದಲ್ಲಿ ಮೇಯುವ ನಾಟಿ ಕೋಳಿಯಾದರೆ ಬೇರೆ ಮಾಡುವ ಮೊದಲು ಬೇಲಿ ಸಂದಿ, ಸೌದೆ ರಾಶಿ, ಬಾಳೆ ಬುಡ ಎಲ್ಲ ಒಮ್ಮೆ ಹುಡುಕಿ. ಕದ್ದು ಇಡುವುದರಲ್ಲಿ ಅವು ಬಲು ಜಾಣ.

ಮೊಟ್ಟೆ ಸಿಗದಿದ್ದರೆ ಕೈಯಿಂದ ನೋಡಿ. ಬಾಲದ ಕೆಳಗೆ, ಮೊಟ್ಟೆ ಬರುವ ದ್ವಾರದ ಎರಡೂ ಪಕ್ಕ ಎರಡು ಸಣ್ಣ ಮೂಳೆ ತುದಿಗಳು ಕೈಗೆ ಸಿಗುತ್ತವೆ. ಮೊಟ್ಟೆ ಇಡುವ ಹೇಂಟೆಯಲ್ಲಿ ಅವುಗಳ ನಡುವೆ ಎರಡು ಮೂರು ಬೆರಳು ಸಲೀಸಾಗಿ ಹಿಡಿಯುತ್ತವೆ, ದ್ವಾರ ಅಗಲವಾಗಿ ತೇವವಾಗಿರುತ್ತದೆ. ನಿಲ್ಲಿಸಿದ ಕೋಳಿಯಲ್ಲಿ ಒಂದು ಬೆರಳಿಗೂ ಜಾಗ ಬಿಗಿ, ದ್ವಾರ ಚಿಕ್ಕದಾಗಿ ಒಣಗಿ ಸುಕ್ಕುಗಟ್ಟಿರುತ್ತದೆ.

ಮೊಟ್ಟೆ ಇಲ್ಲ ಅಂದ ಮಾತ್ರಕ್ಕೆ ರೋಗ ಅಂದುಕೊಳ್ಳಬೇಡಿ. ನಾಟಿ ಹೇಂಟೆ ಒಂದು ಸರದಿ ಮೊಟ್ಟೆ ಇಟ್ಟು ಕಾವಿಗೆ ಕೂರುತ್ತದೆ, 21 ದಿನ ಕಾವು, ಆಮೇಲೆ ಮರಿಗಳ ಹಿಂದೆ ತಿರುಗಾಟ. ಅಷ್ಟೂ ದಿನ ಮೊಟ್ಟೆ ಇರುವುದಿಲ್ಲ. ಗರಿ ಉದುರಿಸುವ ಕಾಲದಲ್ಲಿ ಎರಡು ಮೂರು ತಿಂಗಳು ನಿಲ್ಲಿಸುತ್ತದೆ. ಬೇಸಿಗೆಯ ಸೆಕೆ, ಜಂತುಹುಳು, ಮೇವಿನ ಕೊರತೆ, ಮುಪ್ಪು, ಇವೂ ಇವೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಅದು ಗೊತ್ತಿದ್ದರೆ ಅರ್ಧ ಗೊಂದಲ ಅಲ್ಲೇ ಬಗೆಹರಿಯುತ್ತದೆ. ಕಾವಿಗೆ ಕೂತಾಗ, ಗರಿ ಉದುರಿಸುವಾಗ, ಹುಳುವಿನಿಂದ ಸೊರಗಿದಾಗ ಹೇಂಟೆಯ ಜುಟ್ಟು ಕುಗ್ಗಿ ಬಿಳಿಚಿಕೊಳ್ಳುತ್ತದೆ. ಮೊಟ್ಟೆಯೂ ಇಲ್ಲ, ಜುಟ್ಟೂ ಇಲ್ಲ. ಇದು ಸಹಜ ಜೋಡಿ. ಆದರೆ ಮೊಟ್ಟೆ ನಿಂತು ತಿಂಗಳುಗಳಾಗಿವೆ, ಜುಟ್ಟು ಮಾತ್ರ ಕೆಂಪಾಗಿ, ದಪ್ಪವಾಗಿ, ದಿನೇ ದಿನೇ ದೊಡ್ಡದಾಗುತ್ತಿದೆ ಅಂದರೆ ಆ ಜೋಡಿ ಸಹಜ ಅಲ್ಲ. ಆಗ ಮತ್ತೆ ಬಾಲದ ಕೆಳಗಿನ ಮೂಳೆ ಮುಟ್ಟಿ ನೋಡಿ. ಮೂಳೆ ಅಗಲವಾಗಿದೆ, ಕೋಳಿ ಗೂಡಿಗೂ ಹೋಗಿ ಕೂತು ಬರುತ್ತದೆ, ಮೊಟ್ಟೆ ಮಾತ್ರ ಬರುತ್ತಿಲ್ಲ ಅಂದರೆ ಹಳದಿ ಭಾಗ ಮೊಟ್ಟೆಯ ನಾಳಕ್ಕೆ ಇಳಿಯದೆ ಹೊಟ್ಟೆಯೊಳಗೇ ಬೀಳುತ್ತಿರಬಹುದು. ಮರಿಯಾಗಿದ್ದಾಗ ಶ್ವಾಸನಾಳದ ಸೋಂಕು ಬಂದು ನಾಳ ಹಾಳಾದ ಕೋಳಿಗಳಲ್ಲಿ ಹೀಗಾಗುತ್ತದೆ. ಮೂಳೆ ಬಿಗಿದಿದೆ, ದ್ವಾರ ಒಣಗಿದೆ, ಜುಟ್ಟು ಕೆಂಪೇರಿದೆ ಅಂದರೆ ಅಂಡಾಶಯದ ತೊಂದರೆ. ಅದನ್ನು ಕೆಳಗೆ ವಿವರವಾಗಿ ನೋಡೋಣ.

ಮೊಟ್ಟೆ ಇಡುತ್ತಲೇ ಕೂಗುತ್ತಿದ್ದರೆ

ಆಗ ಕೋಳಿಗೆ ಏನೂ ಆಗಿಲ್ಲ. ಗುಂಪಿನಲ್ಲಿ ಏನೋ ಆಗಿದೆ.

ಕೋಳಿಗಳಲ್ಲಿ ಯಾರು ಯಾರನ್ನು ಕುಕ್ಕಬಹುದು ಎಂಬ ಮೇಲು ಕೆಳಗಿನ ಲೆಕ್ಕ ಬಲು ಗಟ್ಟಿ. ನಾರ್ವೆಯ ತೋರ್ಲೈಫ್ ಶೆಲ್ಡೆರುಪ್-ಎಬ್ಬೆ ಎಂಬವರು ಇದನ್ನು 1920ರ ದಶಕದ ಶುರುವಿನಲ್ಲೇ ವಿವರವಾಗಿ ಬರೆದಿಟ್ಟರು. ಹುಂಜ ಇರುವಾಗ ಕಾವಲು ಅದರದ್ದು, ಕೂಗು ಅದರದ್ದು, ಮೇವು ಕಂಡರೆ ಕರೆಯುವ ಕೆಲಸವೂ ಅದರದ್ದು. ಹುಂಜಗಳ ನಡುವೆಯೂ ಸರದಿ ಇದೆ. ಜಪಾನಿನ ನಗೋಯಾ ವಿಶ್ವವಿದ್ಯಾಲಯದವರು 2015ರಲ್ಲಿ ತೋರಿಸಿದ ಪ್ರಕಾರ ಬೆಳಗಿನ ಜಾವ ಮೊದಲು ಕೂಗುವುದು ಗುಂಪಿನ ಯಜಮಾನ ಹುಂಜ. ಉಳಿದವು ತಮ್ಮ ದರ್ಜೆಯ ಪ್ರಕಾರ ಆಮೇಲೆ ಕೂಗುತ್ತವೆ. ಕೂಗು ಅಂದರೆ ‘ಇಲ್ಲಿ ಹಿರಿಯ ನಾನು’ ಅಂತ ಸಾರುವುದು. ಹುಂಜವೇ ಇಲ್ಲದ ಗುಂಪಿನಲ್ಲಿ ಆ ಸ್ಥಾನ ಖಾಲಿ ಬೀಳುತ್ತದೆ. ಎಲ್ಲಕ್ಕಿಂತ ಜೋರಾದ ಹೇಂಟೆ ಒಮ್ಮೊಮ್ಮೆ ಅದನ್ನು ತುಂಬುತ್ತದೆ.

ನಮ್ಮ ಹಿತ್ತಿಲಿನಲ್ಲಿ ಇದನ್ನು ಹತ್ತಿರದಿಂದ ನೋಡಿದ್ದೇನೆ. ಹುಂಜವನ್ನು ಮುಂಗುಸಿ ಹಿಡಿದ ಮೇಲೆ ಕಪ್ಪು ನಾಟಿ ಹೇಂಟೆಯೊಂದು ಬೆಳಗ್ಗೆ ಗೂಡಿನ ಬಾಗಿಲು ತೆಗೆದ ಕೂಡಲೇ ಒಗೆಯುವ ಕಲ್ಲಿನ ಮೇಲೆ ಹತ್ತಿ ನಿಂತು ಕೂಗಲು ಶುರು ಮಾಡಿತು. ಕಾಲು ಊರಿ, ಕಣ್ಣು ಅರ್ಧ ಮುಚ್ಚಿ, ‘ಕೊಕ್-ಕೊಕ್ಕೇ’ ಅಂತ ಅರ್ಧಕ್ಕೆ ನಿಲ್ಲುವ ಕೂಗು. ದೊಡ್ಡಮ್ಮನಿಗೆ ಅದನ್ನು ಕೇಳಿದರೆ ಆಗುತ್ತಿರಲಿಲ್ಲ.

‘ಇದನ್ನ ಮನೇಲಿ ಇಟ್ಕೋಬೇಡ ಕಣೋ, ಯಾರಿಗಾದ್ರೂ ಕೊಟ್ಬಿಡು’ ಅಂದರು.

‘ದೊಡ್ಡಮ್ಮ, ಇವತ್ತೂ ಮೊಟ್ಟೆ ಇಟ್ಟಿದೆ ನೋಡಿ. ಇನ್ನೂ ಬೆಚ್ಚಗಿದೆ’ ಅಂತ ಮೊಟ್ಟೆಯನ್ನು ಅವರ ಕೈಗೇ ಕೊಟ್ಟೆ.

ಅದರ ಗರಿ ದುಂಡಗೇ ಇತ್ತು. ಕಾಲಿನಲ್ಲಿ ಮುಳ್ಳಿರಲಿಲ್ಲ. ಮಧ್ಯಾಹ್ನ ಗಿಡುಗ ಸುತ್ತಿದರೆ ಮೊದಲು ಕತ್ತು ಓರೆ ಮಾಡಿ ಆಕಾಶ ನೋಡುವುದೂ ಅದೇ, ಉಳಿದವನ್ನು ಬೇಲಿಯ ಕೆಳಗೆ ಓಡಿಸುವುದೂ ಅದೇ. ಬಲಿತ ಹುಂಜವೊಂದನ್ನು ತಂದು ಬಿಟ್ಟ ಮೇಲೆ ಎರಡು ದಿನ ಜಗಳ ಆಯಿತು. ಆಮೇಲೆ ಕೂಗು ತಾನಾಗಿ ನಿಂತಿತು.

ಬೆಂಗಳೂರಿನಲ್ಲಿ ತಾರಸಿಯ ಮೇಲೆ ಕೋಳಿ ಸಾಕುವವರು ಅಕ್ಕಪಕ್ಕದವರಿಗೆ ತೊಂದರೆ ಬೇಡ ಅಂತ ಬರೀ ಹೇಂಟೆಗಳನ್ನೇ ಇಟ್ಟುಕೊಳ್ಳುತ್ತಾರೆ. ಇಂಥ ಕಡೆಯೇ ಈ ಪ್ರಶ್ನೆ ಜಾಸ್ತಿ ಬರುತ್ತದೆ. ಹುಂಜ ತರುವ ಹಾಗಿಲ್ಲ ಅಂದರೆ ಕೂಗು ಪೂರ್ತಿ ನಿಲ್ಲುತ್ತದೆ ಅಂತ ಹೇಳಲು ಬರುವುದಿಲ್ಲ. ಬೆಳಗ್ಗೆ ಗೂಡಿನೊಳಗೆ ಸ್ವಲ್ಪ ಹೊತ್ತು ಕತ್ತಲೆ ಇರುವ ಹಾಗೆ ಮಾಡಿದರೆ ಬೆಳಗಿನ ಜಾವದ ಸದ್ದು ಕಡಿಮೆಯಾಗಬಹುದು. ಗಾಳಿ ಮಾತ್ರ ಆಡುತ್ತಿರಬೇಕು.

ತುಳಿಯುವುದೂ ಇದೇ ಕಥೆ. ಮೊಟ್ಟೆ ಇಡುವ ವಯಸ್ಸಿನ ಹೇಂಟೆಗಳು ಜೋರಾದದ್ದು ಹತ್ತಿರ ಬಂದರೆ ಕುಕ್ಕರಗಾಲಲ್ಲಿ ಕೂತು ರೆಕ್ಕೆ ಬಿಚ್ಚುತ್ತವೆ. ಮೇಲಿನ ಹೇಂಟೆ ಕತ್ತಿನ ಗರಿ ಕಚ್ಚಿ ಬೆನ್ನೇರುತ್ತದೆ. ಇಬ್ಬರಿಗೂ ಗಾಯ ಆಗದಿದ್ದರೆ ಬಿಟ್ಟುಬಿಡಿ. ಒಂದೇ ಕೋಳಿಯ ಬೆನ್ನು ಬೋಳಾಗಿ ಚರ್ಮ ಹರಿಯುತ್ತಿದ್ದರೆ ಅದನ್ನು ಬೇರೆ ಇಟ್ಟು ವಾಸಿ ಮಾಡಿ. ರಕ್ತ ಕಂಡರೆ ಉಳಿದವೂ ಅದೇ ಜಾಗಕ್ಕೆ ಕುಕ್ಕುತ್ತವೆ. ಮೇವಿನ ಪಾತ್ರೆ, ನೀರಿನ ಪಾತ್ರೆ ಎರಡು ಮೂರು ಕಡೆ ಇಡಿ. ಜಾಗ ಇಕ್ಕಟ್ಟಾಗಿದ್ದರೆ ಯಜಮಾನಿಕೆಯ ಜಗಳ ಮುಗಿಯುವುದೇ ಇಲ್ಲ.

ಹುಂಜ ತರುವುದಾದರೆ ಬಲಿತದ್ದೇ ತನ್ನಿ. ಎಳೆಯದನ್ನು ತಂದರೆ ಈ ಹೇಂಟೆಯೇ ಅದನ್ನು ಮೂಲೆಗೆ ತಳ್ಳುತ್ತದೆ. ಎಂಟು ಹತ್ತು ಹೇಂಟೆಗೆ ಒಂದು ಹುಂಜ ಸಾಕು. ಸಂತೆಯಿಂದ ತಂದದ್ದನ್ನು ನೇರ ಗುಂಪಿಗೆ ಬಿಡಬೇಡಿ, ಎರಡು ಮೂರು ವಾರ ದೂರ ಇಟ್ಟು ನೋಡಿ. ಕೂಗು ನಿಲ್ಲಿಸಲು ಹೋಗಿ ರಾಣಿಖೇತ್‌ನಂಥ ಅಂಟುರೋಗ ಮನೆಗೆ ತಂದುಕೊಂಡ ಹಾಗಾಗಬಾರದು, ಅಲ್ವಾ.

ಮೊಟ್ಟೆ ನಿಂತು ಮೈಯೂ ಬದಲಾಗುತ್ತಿದ್ದರೆ

ಈಗ ಒಳಗಿನ ಯಂತ್ರ ಹೇಗೆ ಕೆಲಸ ಮಾಡುತ್ತದೆ ಅಂತ ಸ್ವಲ್ಪ ತಿಳಿದುಕೊಳ್ಳಬೇಕು. ಹೆಚ್ಚಿನ ಪ್ರಾಣಿಗಳಿಗೆ ಎರಡು ಅಂಡಾಶಯ. ಹೇಂಟೆಯಲ್ಲಿ ಬೆಳೆದು ಕೆಲಸ ಮಾಡುವುದು ಎಡಗಡೆಯ ಒಂದೇ. ಬಲಗಡೆಯದು ಮೊಟ್ಟೆಯೊಳಗಿನ ಪಿಂಡದಲ್ಲಿ ಶುರುವಾಗಿ, ಬೆಳೆಯದೆ, ಸಣ್ಣ ತುಣುಕಾಗಿ ಉಳಿದುಬಿಡುತ್ತದೆ. ಎಡ ಅಂಡಾಶಯ ಈಸ್ಟ್ರೋಜೆನ್ ಎಂಬ ಹಾರ್ಮೋನನ್ನು ಕೊಡುತ್ತಿರುವ ತನಕ ಬಲಗಡೆಯ ತುಣುಕು ಹಾಗೆಯೇ ಬಿದ್ದಿರುತ್ತದೆ. ಗೆಡ್ಡೆ, ನೀರುಗುಳ್ಳೆ, ಸೋಂಕು, ಹೀಗೆ ಯಾವುದೋ ಕಾರಣಕ್ಕೆ ಎಡಗಡೆಯದು ಕೆಟ್ಟರೆ ಈಸ್ಟ್ರೋಜೆನ್ ಇಳಿಯುತ್ತದೆ. ಆಗ ಬಲಗಡೆಯದು ಕೆಲವು ಕೋಳಿಗಳಲ್ಲಿ ಎದ್ದು ಬೆಳೆಯುತ್ತದೆ, ಆದರೆ ಅಂಡಾಶಯವಾಗಿ ಅಲ್ಲ. ಹೆಚ್ಚು ಕಡಿಮೆ ವೃಷಣದ ಥರ ಬೆಳೆದು ಗಂಡು ಹಾರ್ಮೋನು ಸುರಿಸುತ್ತದೆ.

ಇನ್ನೊಂದು ವಿಷಯ ಕೇಳಿದರೆ ಮೊದಲಿಗೆ ಆಶ್ಚರ್ಯವಾಗುತ್ತದೆ. ಕೋಳಿಯಲ್ಲಿ ಹುಂಜದ ಝಗಮಗ ಗರಿಗೆ ಗಂಡು ಹಾರ್ಮೋನು ಬೇಕಿಲ್ಲ. ಯಾವ ಹಾರ್ಮೋನೂ ಇಲ್ಲದಿದ್ದರೆ ಬರುವುದೇ ಹುಂಜದ ಗರಿ. ಈಸ್ಟ್ರೋಜೆನ್ ಇದ್ದರೆ ಮಾತ್ರ ಹೇಂಟೆಯ ದುಂಡು ಗರಿ. ಬೀಜ ತೆಗೆದ ಹುಂಜ ಇದಕ್ಕೆ ಸಾಕ್ಷಿ. ಅದರ ಜುಟ್ಟು ಕುಗ್ಗುತ್ತದೆ, ಕೂಗು ನಿಲ್ಲುತ್ತದೆ, ಗರಿ ಮಾತ್ರ ಹುಂಜದ್ದೇ ಉಳಿಯುತ್ತದೆ. ಜುಟ್ಟು ಮತ್ತು ಕೂಗು ಬೀಜದ ಮೇಲೆ ನಿಂತಿವೆ ಎಂಬುದನ್ನು ಜರ್ಮನಿಯ ಗಾಟಿಂಗೆನ್‌ನಲ್ಲಿ ಆರ್ನಾಲ್ಡ್ ಬೆರ್ಥೋಲ್ಡ್ 1849ರಲ್ಲೇ ಎಳೆ ಹುಂಜಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದರು. ಬೀಜ ತೆಗೆದವು ಸಪ್ಪಗಾದವು. ತೆಗೆದ ಬೀಜವನ್ನು ಮತ್ತೆ ಹೊಟ್ಟೆಯೊಳಗೆ ಇಟ್ಟವು ಮಾಮೂಲಿನ ಹಾಗೆ ಕೂಗಿದವು.

ಇದರಿಂದ ನಮಗೆ ಸಿಗುವ ಉಪಯೋಗ ಏನೆಂದರೆ, ಪ್ರತಿ ಗುರುತೂ ಬೇರೆ ಸುದ್ದಿ ಹೇಳುತ್ತದೆ. ಗರಿ ಬದಲಾದರೆ ಈಸ್ಟ್ರೋಜೆನ್ ಇಳಿದಿದೆ. ಜುಟ್ಟು ಮತ್ತು ಗದ್ದದ ಜೋಲು ದೊಡ್ಡದಾದರೆ ಗಂಡು ಹಾರ್ಮೋನು ಏರಿದೆ. ಗರಿ ಮಾತ್ರ ಹುಂಜದ್ದಾಗಿ ಜುಟ್ಟು ಚಿಕ್ಕದಾಗಿಯೇ ಉಳಿದರೆ ಅಂಡಾಶಯ ಸೋತಿದೆ, ಬಲಗಡೆಯದು ಇನ್ನೂ ಎದ್ದಿಲ್ಲ ಎಂದು ಅರ್ಥ. ಎರಡೂ ಸೇರಿ, ಮೇಲಿಂದ ಕೂಗು ಮತ್ತು ತುಳಿಯುವುದು ಬಂದರೆ ಎರಡೂ ಬದಲಾವಣೆ ಆಗಿಹೋಗಿವೆ.

ಗರಿ ಒಂದೇ ದಿನದಲ್ಲಿ ಬದಲಾಗುವುದಿಲ್ಲ. ಬೆಳೆದು ನಿಂತ ಗರಿ ಸತ್ತ ವಸ್ತು, ಹಾರ್ಮೋನು ಏನಾದರೂ ಅದು ಹಾಗೇ ಇರುತ್ತದೆ. ಹಳೆಯದು ಉದುರಿ ಹೊಸದು ಬರುವಾಗ ಮಾತ್ರ ಬದಲಾವಣೆ ಕಾಣುತ್ತದೆ. ಪಕ್ಕದ ತೋಟದ ಮನೆಯ ಹಳೇ ಕೆಂಚು ಹೇಂಟೆಯ ಬೆನ್ನಿನ ಗರಿಯೊಂದನ್ನು ಬೆಳಕಿಗೆ ಹಿಡಿದು ನೋಡಿದಾಗ ಇದು ಚೆನ್ನಾಗಿ ಕಂಡಿತು. ತುದಿಯ ಕಡೆ ಮಂಕು ಕಂದು, ಸಣ್ಣ ಚುಕ್ಕೆ, ಒತ್ತಾದ ಅಂಚು. ಬುಡದ ಕಡೆ ಬರುತ್ತಾ ಬರುತ್ತಾ ಚುಕ್ಕೆ ಮಾಯವಾಗಿ ಹೊಳೆಯುವ ಕೆಂಪು, ಅಂಚಿನ ಎಳೆಗಳು ಬಿಡಿಬಿಡಿ. ಗರಿಯ ತುದಿ ಮೊದಲು ಬೆಳೆಯುತ್ತದೆ, ಬುಡ ಆಮೇಲೆ. ಆ ಒಂದು ಗರಿ ಬೆಳೆಯುವ ವಾರಗಳಲ್ಲೇ ಹಾರ್ಮೋನು ಇಳಿದಿದ್ದು ಅದರ ಮೇಲೆ ಬರೆದಿಟ್ಟ ಹಾಗೆ ಇತ್ತು. ಇದಕ್ಕಾಗಿ ಗರಿ ಕೀಳಬೇಡಿ, ಕೋಳಿಗೆ ನೋವಾಗುತ್ತದೆ. ಗೂಡಿನಲ್ಲಿ ಉದುರಿದ್ದನ್ನು ಆರಿಸಿಕೊಳ್ಳಿ.

ಕಾಲಿನ ಮುಳ್ಳಿನ ಬಗ್ಗೆ ಗಾಬರಿ ಬೇಡ. ಮುಳ್ಳು ಬೆಳೆಯದಂತೆ ತಡೆಯುವುದು ಈಸ್ಟ್ರೋಜೆನ್ ಹೌದು. ಆದರೆ ವಯಸ್ಸಾದ ಹೇಂಟೆಗಳಿಗೆ, ಲೆಗ್‌ಹಾರ್ನ್ ಮತ್ತು ಅಸೀಲ್‌ನಂಥ ತಳಿಗಳಿಗೆ, ಮೊಟ್ಟೆ ಇಡುತ್ತಿರುವಾಗಲೂ ಸಣ್ಣ ಮುಳ್ಳು ಬರುವುದುಂಟು. ಮುಳ್ಳು ಒಂದೇ ಇದ್ದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಹಾಗೆಯೇ ಮೊದಲ ಸಲ ಮೊಟ್ಟೆಗೆ ಬರುವ ಎಳೆ ಹೇಂಟೆಗೆ ಜುಟ್ಟು ಇದ್ದಕ್ಕಿದ್ದ ಹಾಗೆ ಕೆಂಪೇರಿ ದೊಡ್ಡದಾಗುತ್ತದೆ. ಕೆಲವು ದಿನ ಕಾಯಿರಿ, ಮೊಟ್ಟೆ ಬರುತ್ತದೆ.

ಅಂಡಾಶಯ ಏಕೆ ಕೆಡುತ್ತದೆ, ಮುಂದೇನು?

ವಯಸ್ಸು ನೋಡಿದರೆ ಅರ್ಧ ಸುಳಿವು ಸಿಗುತ್ತದೆ. ಎರಡು ವರ್ಷ ದಾಟಿದ ಹೇಂಟೆ, ಅದರಲ್ಲೂ ವರ್ಷಕ್ಕೆ ಮುನ್ನೂರರ ಹತ್ತಿರ ಮೊಟ್ಟೆ ಇಟ್ಟು ಫಾರಂನಿಂದ ಹೊರಬಿದ್ದ ಲೇಯರ್ ಕೋಳಿಯಾದರೆ, ಅಂಡಾಶಯದ ಕ್ಯಾನ್ಸರಿನ ಸಾಧ್ಯತೆ ನಿಜವಾಗಿಯೂ ಇದೆ. ಹೆಚ್ಚು ಕಡಿಮೆ ದಿನಕ್ಕೊಂದು ಅಂಡ ಬಿಡುವ ಈ ಕೋಳಿಗಳಲ್ಲಿ ಅದು ಎಷ್ಟು ಸಾಮಾನ್ಯ ಅಂದರೆ, ಹೆಂಗಸರ ಅಂಡಾಶಯದ ಕ್ಯಾನ್ಸರ್ ಅರ್ಥ ಮಾಡಿಕೊಳ್ಳಲು ವಿಜ್ಞಾನಿಗಳು ಹೇಂಟೆಗಳನ್ನೇ ಅಧ್ಯಯನ ಮಾಡುತ್ತಾರೆ. ಎಳೆ ವಯಸ್ಸಿನಲ್ಲೇ ಆದರೆ ವೈರಸ್‌ನಿಂದ ಬರುವ ಮಾರೆಕ್ಸ್ ರೋಗ ನೆನಪಿರಲಿ, ಅದು ಅಂಡಾಶಯದಲ್ಲೂ ಗೆಡ್ಡೆ ಮಾಡುತ್ತದೆ. ಅದೇ ಗುಂಪಿನಲ್ಲಿ ಬೇರೆ ಕೋಳಿಗೆ ಕಾಲು ಸೋತು ಒಂದು ಕಾಲು ಮುಂದೆ ಒಂದು ಹಿಂದೆ ಚಾಚಿ ಬಿದ್ದಿದ್ದರೆ ಅನುಮಾನ ಗಟ್ಟಿ. ನಡುವಯಸ್ಸಿನಲ್ಲಿ ಸೋಂಕು, ನೀರುಗುಳ್ಳೆ, ಹೊಟ್ಟೆಯೊಳಗೆ ಮೊಟ್ಟೆ ಒಡೆದು ಕೀವಾಗುವುದು, ಇಂಥವು ಕಾರಣ ಆಗಬಹುದು.

ಈ ಗುರುತು ಕಂಡರೆ ಕಾಯಬೇಡಿ: ಹೊಟ್ಟೆ ಊದಿ ನೀರು ತುಂಬಿದ ಚೀಲದ ಹಾಗೆ ಕೈಗೆ ಸಿಗುವುದು, ಎದೆ ನೆಟ್ಟಗೆ ಎತ್ತಿ ಬಾಲ ನೆಲಕ್ಕೆ ತಾಗಿಸಿ ನಿಲ್ಲುವುದು, ಎದೆಮೂಳೆ ಚಾಕುವಿನ ಹಾಗೆ ಚೂಪಾಗುವುದು, ಮೇವು ಬಿಟ್ಟು ಮೂಲೆ ಹಿಡಿಯುವುದು, ಉಸಿರಿಗೆ ಬಾಯಿ ತೆರೆಯುವುದು. ಹತ್ತಿರದ ಪಶು ಆಸ್ಪತ್ರೆಗೆ ಒಯ್ಯಿರಿ. ಒಯ್ಯಲು ಆಗದಿದ್ದರೆ ಸಂಚಾರಿ ಪಶು ಚಿಕಿತ್ಸೆಯ 1962ಕ್ಕೆ ಕರೆ ಮಾಡಿ ಕೇಳಿ. ಅನುಕೂಲ ಇರುವ ಕಡೆ ಡಾಕ್ಟರು ಎಕ್ಸ್‌ರೇ ಅಥವಾ ಸ್ಕ್ಯಾನ್ ಮಾಡಿ ಗೆಡ್ಡೆ, ನೀರು, ಒಳಗೆ ಉಳಿದ ಮೊಟ್ಟೆ ಇದೆಯೇ ಎಂದು ನೋಡುತ್ತಾರೆ. ಸೋಂಕಾಗಿದ್ದರೆ ಔಷಧಿಯಿಂದ ವಾಸಿಯಾಗಬಹುದು. ಗೆಡ್ಡೆಯಾಗಿದ್ದರೆ ಕೋಳಿಗೆ ನೋವಿಲ್ಲದಂತೆ ನೋಡಿಕೊಳ್ಳುವುದೇ ಮುಖ್ಯ ಕೆಲಸ.

ಇಂಥ ಕೋಳಿ ಹೊಟ್ಟೆ ಊದದೆ, ಚೆನ್ನಾಗಿ ಮೇದುಕೊಂಡು, ಓಡಾಡಿಕೊಂಡಿದ್ದರೆ ಅದಕ್ಕೆ ಮಾಡಬೇಕಾದದ್ದು ಏನೂ ಇಲ್ಲ. ಎಷ್ಟೋ ಕೋಳಿಗಳು ಈ ವೇಷದಲ್ಲೇ ಬಹಳ ಕಾಲ ಬದುಕುತ್ತವೆ. ತಿಂಗಳಿಗೊಮ್ಮೆ ಹಿಡಿದು ತೂಕ ನೋಡಿ, ಹೊಟ್ಟೆ ಮುಟ್ಟಿ ನೋಡಿ. ಮೊಟ್ಟೆ ಕೋಳಿಯ ಮೇವಿನಲ್ಲಿ ಸುಣ್ಣ ಜಾಸ್ತಿ ಇರುತ್ತದೆ, ಮೊಟ್ಟೆ ನಿಲ್ಲಿಸಿದ ಕೋಳಿಯ ಮೂತ್ರಪಿಂಡಕ್ಕೆ ಅದು ಒಳ್ಳೆಯದಲ್ಲ. ಸಾಧ್ಯವಾದರೆ ಸಾದಾ ಮೇವು ಕೊಟ್ಟು, ಚಿಪ್ಪಿನ ಪುಡಿಯನ್ನು ಮೊಟ್ಟೆ ಇಡುವ ಕೋಳಿಗಳಿಗೆ ಬೇರೆ ಬಟ್ಟಲಿನಲ್ಲಿ ಇಡಿ.

ಮಾಡಬಾರದ ಕೆಲಸವೂ ಇದೆ. ಮನುಷ್ಯರ ಹಾರ್ಮೋನು ಮಾತ್ರೆ ಪುಡಿ ಮಾಡಿ ಹಾಕುವುದು ಬೇಡವೇ ಬೇಡ. ಹಳೇ ಆಂಟಿಬಯೋಟಿಕ್ ಅಂದಾಜಿನ ಮೇಲೆ ಕುಡಿಸಬೇಡಿ. ಡಾಕ್ಟರು ಔಷಧಿ ಕೊಟ್ಟರೆ ಮೊಟ್ಟೆ, ಮಾಂಸ ಎಷ್ಟು ದಿನ ತಿನ್ನಬಾರದು ಅಂತ ಅವರನ್ನೇ ಕೇಳಿ. ಬರೀ ಕೂಗುವ ಆರೋಗ್ಯವಂತ ಹೇಂಟೆಯ ಮೊಟ್ಟೆ ತಿನ್ನಲು ಯಾವ ಅಡ್ಡಿಯೂ ಇಲ್ಲ. ರೋಗದಿಂದ ಸೊರಗಿದ ಕೋಳಿಯನ್ನು ಮಾತ್ರ ಅಡುಗೆಗೆ ಬಳಸಬೇಡಿ.

ಅದು ನಿಜವಾಗಿ ಹುಂಜ ಆಗಿಬಿಟ್ಟಿತಾ?

ಎಲ್ಲರೂ ಕೊನೆಗೆ ಕೇಳುವ ಪ್ರಶ್ನೆ. ವೇಷ ಬದಲಾಗಬಹುದು, ಜೀವಕೋಶದೊಳಗಿನ ಲೆಕ್ಕ ಬದಲಾಗುವುದಿಲ್ಲ. ಕೋಳಿಗಳಲ್ಲಿ ಗಂಡಿಗೆ ಎರಡು ಝಡ್ ಕ್ರೋಮೋಸೋಮು, ಹೆಣ್ಣಿಗೆ ಒಂದು ಝಡ್ ಒಂದು ಡಬ್ಲ್ಯೂ. ಹುಂಜದ ವೇಷ ಬಂದ ಹೇಂಟೆಯ ರಕ್ತ ಪರೀಕ್ಷೆ ಮಾಡಿದರೂ ಝಡ್ ಡಬ್ಲ್ಯೂ ಅಂತಲೇ ಬರುತ್ತದೆ. ಸ್ಕಾಟ್ಲೆಂಡಿನ ಎಡಿನ್‌ಬರದಲ್ಲಿರುವ ರಾಸ್ಲಿನ್ ಸಂಶೋಧನಾ ಸಂಸ್ಥೆಯವರು 2010ರಲ್ಲಿ ಅರ್ಧ ಮೈ ಹುಂಜ, ಅರ್ಧ ಮೈ ಹೇಂಟೆ ಆಗಿದ್ದ ಅಪರೂಪದ ಕೋಳಿಗಳನ್ನು ಪರೀಕ್ಷೆ ಮಾಡಿದರು. ಎರಡೂ ಕಡೆ ಹರಿಯುವ ರಕ್ತ, ಹಾರ್ಮೋನು ಒಂದೇ. ಆದರೂ ಒಂದು ಕಡೆ ಗಂಡು, ಒಂದು ಕಡೆ ಹೆಣ್ಣು. ಕೋಳಿಯ ಪ್ರತಿ ಕೋಶಕ್ಕೂ ತನ್ನದೇ ಲಿಂಗದ ಗುರುತು ಬಹುಮಟ್ಟಿಗೆ ಇರುತ್ತದೆ ಎಂದು ಅವರು ಕಂಡುಕೊಂಡರು. ನಿಮ್ಮ ಕೋಳಿ ಸರಿಯಾಗಿ ಒಂದು ಪಕ್ಕ ಮಾತ್ರ ಹುಂಜದ ಹಾಗಿದ್ದರೆ, ಒಂದು ಗದ್ದದ ಜೋಲು ದೊಡ್ಡದು ಒಂದು ಚಿಕ್ಕದು, ಒಂದು ಕಾಲಿಗೆ ಮಾತ್ರ ಮುಳ್ಳು ಇದ್ದರೆ, ಅದು ರೋಗ ಅಲ್ಲ. ಹುಟ್ಟಿನಿಂದ ಬಂದದ್ದು. ಪಶುವೈದ್ಯಕೀಯ ಕಾಲೇಜಿನವರಿಗೆ ತೋರಿಸಿ, ಅವರು ಖುಷಿಯಿಂದ ನೋಡುತ್ತಾರೆ.

ಹಾಗಾದರೆ ಅದರಿಂದ ಮರಿ ಆಗುತ್ತದೆಯೇ? ಎಡಿನ್‌ಬರದಲ್ಲೇ ಎಫ್. ಎ. ಇ. ಕ್ರ್ಯೂ ಎಂಬ ವಿಜ್ಞಾನಿ 1923ರಲ್ಲಿ ಬಫ್ ಆರ್ಪಿಂಗ್ಟನ್ ತಳಿಯ ಒಂದು ಹೇಂಟೆಯ ವಿಷಯ ಪ್ರಕಟಿಸಿದರು. ಮೊಟ್ಟೆ ಇಟ್ಟು ಮರಿ ಮಾಡಿದ್ದ ಅದು ಆಮೇಲೆ ಹುಂಜದಂತೆ ಆಗಿ, ಎರಡು ಮರಿಗಳಿಗೆ ತಂದೆಯಾಯಿತು ಎಂದು ಅವರು ಬರೆದರು. ಅದು ಬಲು ಅಪರೂಪದ ಪ್ರಕರಣ. ನಮ್ಮ ಗೂಡಿನಲ್ಲಿ ಹಾಗಾಗುತ್ತದೆ ಅಂತ ನಂಬಿ ಮೊಟ್ಟೆ ಕಾವಿಗೆ ಇಡಬೇಡಿ, ಮರಿ ಬೇಕಾದರೆ ನಿಜವಾದ ಹುಂಜ ಬೇಕು. ಮೊಟ್ಟೆಗಳು ಬರೀ ಕೊಳೆಯುತ್ತವೆ.

ಮತ್ತೆ ಹೇಂಟೆಯಾಗಿ ತಿರುಗುವುದು ಸಾಧ್ಯ. ಸೋಂಕು ವಾಸಿಯಾಗಿ ಎಡ ಅಂಡಾಶಯ ಚೇತರಿಸಿಕೊಂಡರೆ ಮುಂದಿನ ಸಲ ಗರಿ ಬದಲಿಸಿದಾಗ ದುಂಡು ಗರಿ ವಾಪಸ್ ಬರಬಹುದು, ಒಂದೆರಡು ಮೊಟ್ಟೆಯೂ ಸಿಗಬಹುದು. ಅದನ್ನು ಗುರುತಿಸಲು ಈಗಿನಿಂದಲೇ ಫೋಟೋ ಬೇಕು. ತಿಂಗಳಿಗೊಮ್ಮೆ ಒಂದೇ ಜಾಗದಲ್ಲಿ ನಿಲ್ಲಿಸಿ ಮೂರು ಫೋಟೋ ತೆಗೆಯಿರಿ: ತಲೆಯ ಪಕ್ಕದಿಂದ ಒಂದು, ಬೆನ್ನಿನ ಹಿಂಭಾಗ ಒಂದು, ಕಾಲು ಒಂದು. ತೂಕವನ್ನೂ ಕೊನೆಯ ಮೊಟ್ಟೆಯ ತಾರೀಖನ್ನೂ ಅದರ ಜೊತೆ ಬರೆದಿಡಿ. ಪಶುವೈದ್ಯರು ಮೊದಲು ಕೇಳುವುದು ಇವನ್ನೇ.